ದುಂಬು

ಸಭೆ ನಡೆದದ್ದು ತುಳುವಿನಲ್ಲಿ,
ಬರೆಯಬೇಕಾದದ್ದು ಕನ್ನಡದಲ್ಲಿ.
ಹನ್ನೊಂದು ವರ್ಷದಿಂದ ನನ್ನ ಸಂಬಳವೆಂದರೆ
ಈ ಎರಡರ ನಡುವಿನ ದಾರಿಖರ್ಚು.

ಪಡುಕೋಡಿ ಪಂಚಾಯತು. ಮೀನು ಹರಾಜಿನ ಹಳೆ ಶೆಡ್ಡು,
ನಲವತ್ತು ಕುರ್ಚಿ, ಅರುವತ್ತು ಜನ,
ಮೇಜಿನ ಮೇಲೆ ಸರಕಾರದ ಪತ್ರ:
ಕಲ್ಯಾಣಪುರಕ್ಕೆ ಕೇಬಲ್ಲು ಬಂದಾಗಿದೆ,
ಈ ಸಾಲಿನಲ್ಲಿ ಇನ್ನು ಆರೇ ಕಿಲೋಮೀಟರು.
ಯಾರಿಗೆ ಮೊದಲೆಂದು ನೀವೇ ಠರಾವು ಮಾಡಿ ಕಳಿಸಿ.

ಇಂಜಿನಿಯರು ಗಾಜಿನ ಎಳೆಯೊಂದನ್ನು ಎತ್ತಿ ತೋರಿಸಿದ.
ಕೂದಲಿನಷ್ಟೇ ಸಪೂರ. ಇದರೊಳಗೆ ಬೆಳಕು ಹೋಗುತ್ತದೆ, ಎಂದ.
ಹಿಂದಿನಿಂದ ಯಾರೋ: "ಬೆಳಕು ಹೋಗುವುದು ನಮಗೆ ದಿನಾ ಗೊತ್ತುಂಟು,
ಬರುವುದು ಯಾವಾಗ?"
ನಕ್ಕದ್ದನ್ನು ನಾನು ಬರೆಯಲಿಲ್ಲ.

ಐಸ್ ಪ್ಲಾಂಟಿನ ದಾಮು ತಿಂಗಳಾಯರು ಎದ್ದರು:
ಮಲ್ಪೆಯ ದರ ದಕ್ಕೆಗೆ ಬೆಳಿಗ್ಗೆ ಐದಕ್ಕೆ ತಿಳಿಯಬೇಕು,
ಏಳಕ್ಕೆ ತಿಳಿದರೆ ಬಂಗುಡೆಯೂ ಒಂದೇ, ಗೊಬ್ಬರವೂ ಒಂದೇ.
ಹೆಡ್‌ಮಿಸ್ ಪ್ರೆಸಿಲ್ಲಾ: ಏಳು ಕಂಪ್ಯೂಟರು ಬಂದು ಮೂರು ವರ್ಷ,
ಹೊದಿಸಿದ ಬಟ್ಟೆಯ ಮೇಲೆ ಮಕ್ಕಳು ಹೂವು ಹೊಲಿದಿದ್ದಾರೆ.
ಆಶಾ ಕೆಲಸದ ನಫೀಸಾ: ಊರವರ ಬಿಪಿ ಕಳಿಸಲಿಕ್ಕೆ
ನೀರಿನ ಟ್ಯಾಂಕಿ ಹತ್ತುತ್ತೇನೆ, ನನ್ನದನ್ನು ನೋಡುವವರಿಲ್ಲ.
ಹೋಂ ಸ್ಟೇ ಕಟ್ಟಿದವರು: ಬಂದವರು ಮೊದಲು ಕೇಳುವುದು
ನೀರಲ್ಲ, ಪಾಸ್‌ವರ್ಡು.
ಎಲ್ಲರದೂ ನಿಜ.
ನಿಜಗಳನ್ನು ಕ್ಯೂ ನಿಲ್ಲಿಸುವುದೇ ಕಷ್ಟ.

ಆಮೇಲೆ ಕುಕ್ಕುಕುದ್ರುವಿನವಳು ಬಂದಳು.
ಹತ್ತೊಂಬತ್ತು ಮನೆ, ಒಂದೇ ದೋಣಿ, ಹೊಳೆ ಇಳಿದಿತ್ತು, ತಡವಾಯಿತು.
ಸೀರೆಯಂಚು ಒದ್ದೆ, ಚಪ್ಪಲಿ ಕೈಯಲ್ಲಿ.
ಲೋಲಾಕ್ಷಿ ಮೆಂಡನ್, ಮರುವಾಯಿ ಹೆಕ್ಕುವವಳು.
ಚಿಪ್ಪು ಗೀರಿ ಗೀರಿ ಹೆಬ್ಬೆಟ್ಟಿನ ಗೆರೆ ಸವೆದಿದೆ.
ರೇಶನ್ನಿಗೆ ಹೋದರೆ ನೆಟ್ಟಿಲ್ಲವೆಂದು ಮೂರು ಸಲ ವಾಪಸು,
ಬೆರಳಿಲ್ಲವೆಂದು ಎರಡು ಸಲ.
"ನೆಟ್ಟು ಬಂದರೆ ಒಂದು ಕಾರಣವಾದರೂ ಕಮ್ಮಿಯಾಗಲಿಕ್ಕಿಲ್ಲವಾ?"
ಕೂರುವ ಮೊದಲು ಎರಡೇ ಶಬ್ದ:
"ಎಂಕ್ಲೆಗ್ ದುಂಬು."

ಇಂಜಿನಿಯರು ಮೊಬೈಲಿನಲ್ಲೇ ಲೆಕ್ಕ ಒತ್ತಿದ.
ಹೊಳೆಯಡಿ ಪೈಪು, ಮೂರು ಇಲಾಖೆಯ ಪರವಾನಗಿ,
ಕುದ್ರುವಿನ ಹತ್ತೊಂಬತ್ತರ ದುಡ್ಡಿನಲ್ಲಿ
ಇತ್ತಕಡೆಯ ಮುನ್ನೂರು ಮನೆ ಮುಗಿಯುತ್ತದೆ.
ಅದೂ ನಿಜ.
ಯಾರೂ ಅವಳ ಮುಖ ನೋಡಲಿಲ್ಲ, ಅವಳು ಎಲ್ಲರದೂ ನೋಡಿದಳು.
ಅಧ್ಯಕ್ಷರು ಗಡಿಯಾರ ನೋಡಿ ನನ್ನ ಕಡೆ ತಿರುಗಿದರು:
"ಎಲ್ಲರದ್ದೂ ಬರೆದುಬಿಡಿ. ಮೇಲಿನವರು ತೀರ್ಮಾನಿಸಲಿ."
ಚಹಾ ಬಂತು.

ದುಂಬು.
ತುಳುವಿನಲ್ಲಿ ಅದು ಮೊದಲು, ಅದು ಎದುರು,
ಅಜ್ಜಿಯಂದಿರು ಕತೆ ಹೇಳುವಾಗ ಹಿಂದಿನ ಕಾಲವೂ ಅದೇ.
ಕನ್ನಡಕ್ಕೆ ತಂದರೆ ಮುಂಚೆ.
ಇಲ್ಲವೇ ಮುಂದೆ.
ನಡುವೆ ಒಂದೇ ಅಕ್ಷರ, ಹೊಳೆಯಷ್ಟು ಅಗಲ.

ಎಲ್ಲರೂ ಹೋದ ಮೇಲೆ ಹಳೆಯ ನಡಾವಳಿ ಪುಸ್ತಕ ಇಳಿಸಿದೆ.
ಕರೆಂಟು ಕಂಬ: ಕುಕ್ಕುಕುದ್ರುವಿಗೆ ಮುಂದೆ.
ಕಾಲುಸಂಕ: ಕುಕ್ಕುಕುದ್ರುವಿಗೆ ಮುಂದೆ.
ನಳ್ಳಿನೀರು, ಇದು ನನ್ನದೇ ಕೈಬರಹ, ದುಂಡಗೆ, ಚಂದಕ್ಕೆ:
ಮುಂದೆ.
ಯಾರೂ ಸುಳ್ಳು ಬರೆದಿರಲಿಲ್ಲ.
ಅವರು ಹೇಳಿದ ಶಬ್ದವನ್ನೇ ದಾಟಿಸಿದ್ದೆವು.
ದಡದಲ್ಲಿ ಕೂತು ಓದಿದವರಿಗೆ
ಅದು "ಆಮೇಲೆ ನೋಡುವ" ಎಂದು ಕೇಳಿಸಿತು.

ಮುಂಚೆ, ಎಂದು ಬರೆದೆ.
ಪೆನ್ನು ಸರಿಯಿತ್ತು, ಆದರೂ ಚಕಾರವನ್ನು ಎರಡು ಸಲ ತಿದ್ದಿದೆ.

ಇವತ್ತೇ ಅಪ್‌ಲೋಡ್ ಆಗಬೇಕೆಂದು ಆದೇಶ.
ಆಫೀಸಿನಲ್ಲಿ ಸಿಗ್ನಲ್ ಇಲ್ಲ. ಪುಟದ ಫೋಟೋ ಹಿಡಿದು
ದಕ್ಕೆಯ ಕಲ್ಲಿನ ತುದಿಗೆ ಬಂದು ಕೈ ಮೇಲೆತ್ತಿ ನಿಂತೆ.
ಪರದೆಯಲ್ಲಿ ಚಕ್ರ ತಿರುಗುತ್ತಿದೆ.
ಕೆಳಗೆ, ಕತ್ತಲಲ್ಲಿ, ಕೆಸರಿಗೆ ಕೂತ ದೋಣಿಯೊಳಗಿಂದ:
"ಪೋಂಡಾ?"
ಇಜ್ಜಿ, ಎಂದೆ.
ಅವಳದ್ದೂ ಹೋಗಿರಲಿಲ್ಲ.
ನೀರು ಏರಲಿಕ್ಕೆ ಇನ್ನೂ ಅರ್ಧ ಗಂಟೆಯಿತ್ತು.